ಪರ-ವಿರೋಧ: ನಾರ್ವೆಯ ಸಣ್ಣ ಕಮ್ಯೂನ್‌ಗಳನ್ನು ಒಂದುಗೂಡಿಸಬೇಕೇ?

ಪರ: ಹೊಣೆ ಹೊರಲು ಕೈಗಳು ಬೇಕು

ನಾರ್ವೆಯಲ್ಲಿ ಈಗ 357 ಕಮ್ಯೂನ್‌ಗಳಿವೆ, ಅಂದರೆ ನಮ್ಮ ಪುರಸಭೆ, ಪಂಚಾಯಿತಿಗಳಂಥ ಸ್ಥಳೀಯ ಆಡಳಿತ ಘಟಕಗಳು. ಸುಮಾರು 7 ಲಕ್ಷ ಜನರ ಓಸ್ಲೊ ಒಂದು ಕಮ್ಯೂನ್. ಇನ್ನೂರರ ಆಸುಪಾಸು ಜನರಿರುವ ಉತ್ಸಿರಾ ದ್ವೀಪವೂ ಒಂದು ಕಮ್ಯೂನ್. ಪ್ರಾಥಮಿಕ ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ನೀರು, ಚರಂಡಿ ಎಲ್ಲವೂ ಎರಡರ ಹೆಗಲ ಮೇಲೂ ಇವೆ.

ಮಕ್ಕಳ ರಕ್ಷಣೆಯನ್ನೇ ನೋಡಿ. ಮನೆಯೊಂದರಲ್ಲಿ ಮಗು ಏಟು ತಿನ್ನುತ್ತಿದೆ ಎಂಬ ದೂರು ಬಂದಾಗ ವಿಚಾರಿಸಬೇಕಾದ ಅಧಿಕಾರಿ ಆ ಮನೆಯವರ ನೆಂಟನೋ ನೆರೆಯವನೋ ಆಗಿದ್ದರೆ? ಸಣ್ಣ ಊರಿನಲ್ಲಿ ಇದು ಅಪರೂಪವಲ್ಲ. ಅಂಥ ಕೆಲಸಕ್ಕೆ ನುರಿತವರು ಹಲವರಿರಬೇಕು, ಒಬ್ಬರು ಬಿಟ್ಟರೆ ಇನ್ನೊಬ್ಬರು ಸಿಗಬೇಕು. ನೆರೆಯ ಕಮ್ಯೂನ್‌ಗಳ ಜೊತೆ ಒಪ್ಪಂದ ಮಾಡಿಕೊಂಡು ನಡೆಸಬಹುದು, ನಡೆಸುತ್ತಲೂ ಇದ್ದಾರೆ. ಆದರೆ ಆಗ ನಿರ್ಧಾರ ಮತದಾರರ ಕೈಗೆಟುಕದ ಜಂಟಿ ಮಂಡಳಿಗಳಿಗೆ ಜಾರುತ್ತದೆ.

ಡೆನ್ಮಾರ್ಕ್ 2007ರಲ್ಲಿ 271 ಕಮ್ಯೂನ್‌ಗಳನ್ನು 98ಕ್ಕೆ ಇಳಿಸಿತು. ನಾರ್ವೆಯೂ 1960ರ ದಶಕದಲ್ಲಿ 744ರಿಂದ 454ಕ್ಕೆ ಇಳಿದಿತ್ತು. ಆಗಿನ ಕಸಿವಿಸಿ ಈಗ ಬಹುಪಾಲು ಮರೆತುಹೋಗಿದೆ. ಎಲ್ಲ ಊರುಗಳನ್ನೂ ಕೂಡಿಸಲೇಬೇಕೆಂದು ನಾನು ಹೇಳುವುದಿಲ್ಲ. ದೂರದ ದ್ವೀಪಗಳ ಮಾತು ಬೇರೆ.

ವಿರೋಧ: ಕೇಳದೆ ಕೂಡಿಸಿದ್ದು ನಿಲ್ಲುವುದಿಲ್ಲ

ಕೂಡಿಸುವವರ ಮಾತಿನಲ್ಲಿ ನಕ್ಷೆ ಇರುತ್ತದೆ, ದೂರ ಇರುವುದಿಲ್ಲ. ಹಲವು ಕಮ್ಯೂನ್‌ಗಳು ಸೇರಿದ ಜಿಲ್ಲೆಯಂಥ ಘಟಕವೇ ಕೌಂಟಿ; ಅವನ್ನೂ ಹೀಗೆಯೇ ಕೂಡಿಸಿದ್ದರು. ಉತ್ತರದ ಫಿನ್‌ಮಾರ್ಕ್ ಕೌಂಟಿ ಡೆನ್ಮಾರ್ಕ್‌ಗಿಂತ ದೊಡ್ಡದು, ಜನ ಮಾತ್ರ ಸುಮಾರು 75 ಸಾವಿರ. ಅದನ್ನು ಪಕ್ಕದ ಟ್ರೊಮ್ಸ್ ಕೌಂಟಿಯ ಜೊತೆ ಸೇರಿಸಲು 2017ರಲ್ಲಿ ಸಂಸತ್ತು ತೀರ್ಮಾನಿಸಿತು. 2018ರ ಜನಮತ ಗಣನೆಯಲ್ಲಿ ಮತ ಹಾಕಿದ ಫಿನ್‌ಮಾರ್ಕಿನವರಲ್ಲಿ ಶೇ 87ರಷ್ಟು ಜನ ಬೇಡವೆಂದರು. ಆದರೂ 2020ರಲ್ಲಿ ಕೂಡಿಸಿದರು. ಟ್ರೊಮ್ಸ್‌ನ ಟ್ರೊಮ್ಸೊ ನಗರದಿಂದ ಫಿನ್‌ಮಾರ್ಕಿನ ಪೂರ್ವದ ಕಿರ್ಕೆನೆಸ್‌ಗೆ ರಸ್ತೆಯಲ್ಲಿ 700 ಕಿಲೋಮೀಟರಿಗೂ ಹೆಚ್ಚು. ನಾಲ್ಕೇ ವರ್ಷಕ್ಕೆ, 2024ರ ಜನವರಿ 1ರಂದು, ಎರಡೂ ಮತ್ತೆ ಬೇರೆಯಾದವು. ಅದೇ ದಿನ, ಹಾಗೆಯೇ ಕೂಡಿಸಿದ್ದ ವೀಕೆನ್ ಕೌಂಟಿ ಮೂರು ಹೋಳಾಯಿತು, ಹರಾಮ್ ಕಮ್ಯೂನ್ ಓಲೆಸುಂದ್ ಕಮ್ಯೂನ್‌ನಿಂದ ಹೊರಬಂತು.

ನಾನು ಪಶ್ಚಿಮ ಕರಾವಳಿಯ ಒಂದು ಸಣ್ಣ ಕಮ್ಯೂನ್‌ನಲ್ಲಿದ್ದೇನೆ. ನಮ್ಮ ಮಗ ಶಾಲೆಗೆ ಹೋಗುವ ದಾರಿಯ ತಿರುವಿನಲ್ಲಿ ಬೀದಿದೀಪ ಇರಲಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಶಾಲೆಯ ಗಂಟೆ ಹೊಡೆಯುವಾಗಲೂ ಕತ್ತಲೆಯೇ. ಒಂದು ಸಂಜೆ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಮೇಯರ್ ನಿಂತಿದ್ದರು. ನನ್ನ ತೊದಲು ನಾರ್ವೇಜಿಯನ್‌ನಲ್ಲಿ ವಿಷಯ ಹೇಳಿದೆ. ಯಾವ ತಿರುವು, ದೋಣಿಮನೆಯ ಪಕ್ಕದ್ದೇ ಎಂದು ಕೇಳಿದರು. ಆ ತಿರುವು ಅವರಿಗೆ ಗೊತ್ತಿತ್ತು! ಚಳಿಗಾಲ ಮುಗಿಯುವ ಮೊದಲೇ ಕಂಬ ನಿಂತಿತು. ಮುಂದೆ ಸ್ಥಳೀಯ ಚುನಾವಣೆ ಬಂದಾಗ ನಾನೂ ಮತ ಹಾಕಿದೆ. ನನ್ನ ಬಳಿ ಇರುವುದು ಭಾರತದ ಪಾಸ್‌ಪೋರ್ಟ್. ಇಲ್ಲಿ ಸತತ ಮೂರು ವರ್ಷ ನೆಲೆಸಿದ ವಿದೇಶಿಯರಿಗೂ ಕಮ್ಯೂನ್ ಚುನಾವಣೆಯಲ್ಲಿ ಹಕ್ಕಿದೆ. ಈ ದೇಶದಲ್ಲಿ ನನ್ನನ್ನು ಒಳಗೆ ಕರೆದುಕೊಂಡ ಮೊದಲ ಬಾಗಿಲು ಅದು. ಕಮ್ಯೂನ್ ಕಚೇರಿ ಎರಡು ಫೆರ್ರಿ ಆಚೆಗಿನ ಪಟ್ಟಣದಲ್ಲಿದ್ದಿದ್ದರೆ ನಾನು ಯಾರಿಗೆ ಹೇಳಬೇಕಿತ್ತು?

ಎದುರು ವಾದಿಸುವವರ ಮಾತು ಕೇಳಿದರೆ ಸಣ್ಣ ಊರಿನವರೆಲ್ಲ ನೆಂಟರ ತಪ್ಪು ಮುಚ್ಚಿಡಲೆಂದೇ ಹುಟ್ಟಿದವರು. ಇದೇ ಉತ್ಸಿರಾ 1925ರಲ್ಲಿ ಹನ್ನೆರಡು ಸ್ಥಾನಗಳ ಪೈಕಿ ಹನ್ನೊಂದಕ್ಕೆ ಹೆಂಗಸರನ್ನು ಆರಿಸಿತು. ಅವರಲ್ಲಿ ಒಬ್ಬರಾದ ಓಸಾ ಹೆಲ್ಗೆಸೆನ್ ನಾರ್ವೆಯ ಮೊದಲ ಮಹಿಳಾ ಮೇಯರ್ ಆದರು. ದೊಡ್ಡ ನಗರಗಳಿಗೆ ಆ ಧೈರ್ಯ ಬರಲು ದಶಕಗಳೇ ಬೇಕಾದವು.

ಫಿನ್‌ಮಾರ್ಕನ್ನು ಮತ್ತೆ ಬೇರ್ಪಡಿಸಿದ್ದು ದುಂದುವೆಚ್ಚ ಎನ್ನುತ್ತಾರೆ. ಹೌದು, ಕಚೇರಿ, ಕಂಪ್ಯೂಟರ್ ವ್ಯವಸ್ಥೆ, ನೌಕರರ ಪಟ್ಟಿ ಎಲ್ಲವನ್ನೂ ಎರಡೆರಡು ಸಲ ಕಟ್ಟಬೇಕಾಯಿತು. ಆ ಖರ್ಚನ್ನು ಫಿನ್‌ಮಾರ್ಕಿನವರ ಲೆಕ್ಕಕ್ಕೆ ಬರೆಯಬೇಡಿ. ಅವರು 2018ರಲ್ಲೇ ಬೇಡವೆಂದಿದ್ದರು.