ಗೋಕುಲಂನ ಆ ಸೌದೆ ಒಲೆ

ಹೊಸ ಕೆಫೆಗಳ ಮುಂದೆ ಹಳೇ ಇಟಾಲಿಯನ್ ಹೋಟೆಲ್‌ಗಳು ಸಪ್ಪೆ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ವಿದೇಶಿಯರ ಪಕ್ಕದಲ್ಲೇ ಕೂತು ನಾವು ಎಷ್ಟೋ ವರ್ಷಗಳಿಂದ ಊಟ ಮಾಡುವ ಜಾಗ ಒಂದಿದೆ. ಸೌದೆ ಒಲೆಯ ಪಿಜ್ಜಾ. ಒಲೆ 400 ಡಿಗ್ರಿ ದಾಟಿ ಕಾದಿದ್ದರೆ ಒಂದೂವರೆ ನಿಮಿಷ ಸಾಕು. ಅಂಚು ಉಬ್ಬಿ, ಹೆಂಚಿನ ಮೇಲಿನ ರೊಟ್ಟಿಗೆ ಬೀಳುವ ಹಾಗೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಇಟಲಿಯ ನೇಪಲ್ಸ್‌ನವರ ಈ ಪಿಜ್ಜಾ ಕೈಚಳಕವನ್ನು ಯುನೆಸ್ಕೋ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ನೆ ಅಲ್ಲ, ಅಲ್ವಾ?

ಅಮ್ಮನಿಗೆ ಚೀಸ್ ಜಾಸ್ತಿ ಆಗಿಬರುವುದಿಲ್ಲ. ಅವರು ಕೂತ ತಕ್ಷಣ, ಕೇಳುವ ಮೊದಲೇ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆ ಹಾಕಿದ ಸ್ಪಗೆಟ್ಟಿ ಬರುತ್ತದೆ. "ಒಗ್ಗರಣೆ ಘಮ ಕಣೋ" ಅಂತಾರೆ ಅಮ್ಮ. ಹೊಸ ಕಡೆ ಇಷ್ಟು ನೆನಪಿಟ್ಟುಕೊಂಡು ಬಡಿಸುವವರನ್ನು ನಾನಿನ್ನೂ ನೋಡಿಲ್ಲ.