ಟಿಕೆಟ್ ದರ ಇದೆ, ಚಿತ್ರ ಬರೆದವರ ಹೆಸರಿಲ್ಲ

ಆನ್‌ಲೈನ್ ವಿಶ್ವಕೋಶದಲ್ಲಿ ನಮ್ಮ ರಾಜ್ಯದ ಒಂದು ಕಲಾ ಸಂಗ್ರಹಾಲಯದ ಪುಟ ಈಗಷ್ಟೇ ಓದಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಬಸ್ ನಿಲ್ದಾಣದಿಂದ ಎಷ್ಟು ದೂರ, ವಾರದ ರಜೆ ಯಾವತ್ತು, ಟಿಕೆಟ್ ಎಷ್ಟು, ಎಲ್ಲಾ ಇದೆ. ಒಳಗೇನಿದೆ ಅಂತ ನೋಡಿದರೆ "ಅಮೂಲ್ಯ ಕಲಾಕೃತಿಗಳ ಭಂಡಾರ" ಅನ್ನೋ ಒಂದೇ ಸಾಲು. ಲಗ್ನಪತ್ರಿಕೆಯಲ್ಲಿ ಮಂಟಪದ ದಾರಿ ಅಚ್ಚು ಹಾಕಿಸಿ ಗಂಡು ಹೆಣ್ಣಿನ ಹೆಸರೇ ಬಿಟ್ಟಂತೆ.

ಪ್ರವಾಸಿಗರಿಗೆ ಸಮಯ, ದರ ಬೇಡವಾ ಅಂತ ಕೇಳುವವರಿದ್ದಾರೆ. ಬೇಕು. ಆದರೆ ಅವು ಬದಲಾಗುತ್ತಲೇ ಇರುತ್ತವೆ, ತಿದ್ದುವವರಿಲ್ಲದೆ ಹಳೇ ದರ ಪುಟದಲ್ಲಿ ಹಾಗೇ ಕೂತಿರುತ್ತದೆ. ಅದನ್ನು ಸಂಗ್ರಹಾಲಯದ ಜಾಲತಾಣ ನೋಡಿಕೊಳ್ಳಲಿ.

ಪುಟದ ಬದಿಯಲ್ಲಿ ಮುಖ್ಯ ವಿವರ ಪಟ್ಟಿ ಮಾಡುವ ಮಾಹಿತಿ ಚೌಕದ 'ಸ್ಥಾಪನೆ'ಯಲ್ಲಿ ಕಟ್ಟಡದ ಇಸವಿ ತುಂಬಿಬಿಡುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆ 1861ರದ್ದು, ಚಿತ್ರಶಾಲೆ ಆದದ್ದು 1915ರಲ್ಲಿ. ಅಲ್ಲಿ 1861 ಅಂತ ಬರೆದರೆ ಚಿತ್ರಶಾಲೆಗೆ 54 ವರ್ಷ ಸುಳ್ಳು ವಯಸ್ಸು. ಹಂಪಿ ಪಕ್ಕದ ಕಮಲಾಪುರದ ಸಂಗ್ರಹಾಲಯದ್ದು ಇನ್ನೊಂದು ಥರ: ಹಂಪಿಯ ಶಿಲ್ಪಗಳನ್ನು ಮೊದಲು ಕೂಡಿಟ್ಟದ್ದು ಆನೆ ಲಾಯದಲ್ಲಿ, ಸಂಗ್ರಹಾಲಯ ಈಗಿನ ಕಟ್ಟಡಕ್ಕೆ ಬಂದದ್ದು 1972ರಲ್ಲಿ. ಎರಡೂ ಹೇಳಬೇಕು. ಜಿಲ್ಲೆಯೂ ಈಗ ಬಳ್ಳಾರಿ ಅಲ್ಲ, 2021ರಿಂದ ವಿಜಯನಗರ.

ಪುಟದ ಅರ್ಧಕ್ಕಿಂತ ಹೆಚ್ಚು ಜಾಗ ಕೃತಿಗಳಿಗೇ ಹೋಗಬೇಕು. ಹತ್ತು ಹದಿನೈದು ಮುಖ್ಯವಾದವನ್ನು ಆರಿಸಿ. ಕಲಾವಿದ, ಇಸವಿ, ಮಾಧ್ಯಮ, ಸೆಂಟಿಮೀಟರಿನಲ್ಲಿ ಅಳತೆ, ದಾಖಲೆ ಸಂಖ್ಯೆ, ಎಲ್ಲಿಂದ ಬಂತು, ಇಷ್ಟನ್ನು ಪ್ರತಿಯೊಂದಕ್ಕೂ ಕೊಡಿ. ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಗನ್ಮೋಹನದಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವೇ ಸಾಕು. ಇವತ್ತಿಗೂ ಎಷ್ಟೋ ಜನ ಅದನ್ನು ರವಿವರ್ಮನದು ಅಂತಾರೆ. ಬರೆದವರು ಎಸ್. ಎಲ್. ಹಲ್ದಣಕರ್, 1940ರ ದಶಕದಲ್ಲಿ, ಜಲವರ್ಣದಲ್ಲಿ. ರವಿವರ್ಮ ತೀರಿಕೊಂಡದ್ದು 1906ರಲ್ಲಿ! ಹೆಸರು, ಇಸವಿ ಎರಡೇ ಇದ್ದರೂ ಈ ತಪ್ಪು ನಿಲ್ಲುತ್ತಿತ್ತು.

ನಮ್ಮ ಕಿನ್ನಾಳದ ಗರುಡನಿಗೆ "ಬಣ್ಣದ ಮರದ ಗೊಂಬೆ" ಅಂತ ಅಡಿಬರಹ ಹಾಕಿದರೆ ಕೊಪ್ಪಳದವರಿಗೆ ಹೊಟ್ಟೆ ಉರಿಯುವುದಿಲ್ಲವೇ? ಹಗುರ ಮರವನ್ನು ಕೆತ್ತಿ, ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಸಂದು ಮುಚ್ಚಿ, ಅದರ ಮೇಲೆ ಬಣ್ಣ ಕೊಟ್ಟ ಚಿತ್ರಗಾರ ಮನೆತನಗಳ ಕೆಲಸ ಅದು. ಇಷ್ಟು ಹೇಳಲು ಎರಡು ಸಾಲು ಸಾಕು.

ಫೋಟೊ ಹಾಕುವಾಗ ಹುಷಾರು. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯದ ಹಕ್ಕು ಇರುತ್ತದೆ. ಹಲ್ದಣಕರ್ ಹೋದದ್ದು 1968ರಲ್ಲಿ, ಅಂದರೆ 2028ರ ಕೊನೆವರೆಗೆ ಆ ಚಿತ್ರದ ಫೋಟೊ ಮುಕ್ತವಲ್ಲ, ಏರಿಸಿದರೆ ಅಳಿಸಿಹಾಕುತ್ತಾರೆ. ಜನರು ಬರುವ ಜಾಗದಲ್ಲಿ ಕಾಯಂ ಆಗಿ ಇಟ್ಟ ಶಿಲ್ಪಕ್ಕೆ ಈ ತೊಡಕಿಲ್ಲ. ಫೋಟೊ ಹಾಕಲಾಗದ ಕಡೆ ಮಾತಿನಲ್ಲೇ ಬರೆಯಿರಿ: ಗಾಳಿಗೆ ಅಡ್ಡ ಹಿಡಿದ ಅಂಗೈ, ಬೆರಳ ಸಂದಿನಲ್ಲಿ ಕೆಂಪಾದ ಬೆಳಕು. "ಅದ್ಭುತ", "ಅಪೂರ್ವ" ಬೇಡವೇ ಬೇಡ.