ಲೆಸ್ಟರ್‌ನಲ್ಲಿ ಒಂದು ಆಷಾಢ

ವರ್ಷಕ್ಕೊಮ್ಮೆ ನನ್ನ ಶುಗರ್ ತಪಾಸಣೆ ಇರುತ್ತದೆ. ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅದನ್ನು ನೋಡಿಕೊಳ್ಳುವುದು ಡಾಕ್ಟರ್ ಅಲ್ಲ, ನರ್ಸಮ್ಮ. ಮೊದಲ ಸಲ ಹೋದಾಗ ರಕ್ತದ ವರದಿ ನೋಡಿದರು, ತೂಕ ನೋಡಿದರು, ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ಗೊತ್ತಾಗುತ್ತಾ ಎಂದರು. ಆಮೇಲೆ ಕಂಪ್ಯೂಟರ್ ಕಡೆ ನೋಡುತ್ತಲೇ, ಕಾಫಿ ಆಯ್ತಾ ಅಂತ ಕೇಳುವ ದನಿಯಲ್ಲೇ, "ನಿಮಿರುವುದರಲ್ಲಿ ಏನಾದರೂ ತೊಂದರೆ ಇದೆಯಾ?" ಎಂದು ಕೇಳಿಬಿಟ್ಟರು.

ಪಕ್ಕದ ಕುರ್ಚಿಯಲ್ಲಿ ಹೆಂಡತಿ. ಅವಳು ಬ್ಯಾಗಿನ ಜಿಪ್ ಎಳೆದಳು, ಮತ್ತೆ ಹಾಕಿದಳು. ನಾನು ಇಲ್ಲ ಇಲ್ಲ ಅಂದೆ. ಅವಳು ಕೆಮ್ಮಿದಳು. ನರ್ಸಮ್ಮ ಅವಸರ ಮಾಡಲಿಲ್ಲ. ಶುಗರ್ ಇರುವ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದು ಇದ್ದದ್ದೇ, ಹಾಗಾಗಿ ಎಲ್ಲರನ್ನೂ ಕೇಳುತ್ತೇವೆ ಅಂದರು. ಇಲ್ಲಿನ ವೈದ್ಯರಿಗೆ ಸರ್ಕಾರ ಕೊಟ್ಟಿರುವ ಮಾರ್ಗಸೂಚಿಯಲ್ಲೇ ಹಾಗಿದೆಯಂತೆ. ವರ್ಷದ ತಪಾಸಣೆಯಲ್ಲಿ ಈ ಮಾತಾಡಲು ಗಂಡಸಿಗೆ ಒಂದು ಅವಕಾಶ ಕೊಡಬೇಕು.

ನನಗೆ ಆಗ 49 ವರ್ಷ. ಶುಗರ್ ಬಂದದ್ದು ದಾವಣಗೆರೆಯಲ್ಲಿದ್ದಾಗಲೇ. ಅಲ್ಲಿ ಆರು ವರ್ಷ ಒಬ್ಬರೇ ಡಾಕ್ಟರ ಹತ್ತಿರ ಹೋದೆ. ಒಳ್ಳೆಯವರು, ಕೈಗುಣ ಚೆನ್ನಾಗಿತ್ತು. ಆದರೆ ಅವರ ಕೋಣೆಯಲ್ಲಿ ಯಾವಾಗಲೂ ಮೂರು ಜನ ಪೇಷೆಂಟು. ಒಬ್ಬ ಕುರ್ಚಿಯಲ್ಲಿ, ಮುಂದಿನವನು ಸ್ಟೂಲ್ ಮೇಲೆ, ಅವನ ಹಿಂದಿನವನು ಬಾಗಿಲಿಗೆ ಒರಗಿಕೊಂಡು. ನನ್ನ ಶುಗರ್ ಎಷ್ಟು ಅಂತ ಡಾಕ್ಟರ್ ಹೇಳಿದರೆ ಸ್ಟೂಲ್‌ನವನು ಲೊಚಗುಟ್ಟುತ್ತಿದ್ದ. ಅಲ್ಲಿ ಇದನ್ನು ಹೇಗೆ ಕೇಳುತ್ತೀರಿ? ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮೂರಲ್ಲಿ ಗಂಡಸರ ಈ ಕಷ್ಟ ವಿಚಾರಿಸುವುದು ಗೋಡೆಗಳು. ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆ, ರೈಲು ಹಳಿ ಪಕ್ಕದ ಕಾಂಪೌಂಡು. ಗುಪ್ತರೋಗ, ನರದೌರ್ಬಲ್ಯ, ಧಾತುನಷ್ಟ, ಶೀಘ್ರಸ್ಖಲನ. ಚಿಕ್ಕವನಿದ್ದಾಗ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಇವುಗಳಿಂದ ಅಂದರೂ ತಪ್ಪಿಲ್ಲ. ತಮಾಷೆ ಏನೆಂದರೆ ಇದನ್ನು ತಡೆಯೋಕೆ ದೇಶದಲ್ಲಿ ಕಾನೂನಿದೆ. 1954ರಲ್ಲೇ ಬಂದದ್ದು. ಲೈಂಗಿಕ ಸುಖದ ಸಾಮರ್ಥ್ಯ ಉಳಿಸುತ್ತೇವೆ, ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದೇ ಅಪರಾಧ. ಕಾನೂನಿಗೆ ಎಪ್ಪತ್ತು ದಾಟಿತು. ಗೋಡೆಗಳು ಹಾಗೇ ಇವೆ.

ಆ ಗೋಡೆಗಳಲ್ಲಿ ನೀವು ನೋಡದ ಒಂದು ಪದ ಇದೆ, ಹೆಂಡತಿ. ಇದ್ದರೂ 'ನಿಮ್ಮ ಹೆಂಡತಿಯನ್ನು ತೃಪ್ತಿಪಡಿಸಿ' ಅಂತ, ಸಾಲ ತೀರಿಸಿ ಅನ್ನೋ ಧಾಟಿಯಲ್ಲಿ. ಮಿಕ್ಕಿದ್ದೆಲ್ಲ ಶಕ್ತಿ, ಶಕ್ತಿ, ಶಕ್ತಿ. ಸುಖದ ಮಾತೇ ಇಲ್ಲ. ನನ್ನ ತಕರಾರು ಇರೋದು ಇಲ್ಲೇ. ಗಂಡಸಿನ ಸುಖವನ್ನು ನಾವು ಪರೀಕ್ಷೆ ಮಾಡಿಟ್ಟಿದ್ದೇವೆ. ಪ್ರಸ್ತದ ರಾತ್ರಿಯಿಂದಲೇ ಅದು ಶುರು. ಕೋಣೆಗೆ ಹೂವು ಕಟ್ಟಿ, ಬಾದಾಮಿ ಹಾಲಿಟ್ಟು, ನಡುಮನೆಯಲ್ಲಿ ಇಪ್ಪತ್ತು ಜನ ನೆಂಟರು ಚಾಪೆ ಹಾಸಿ ಮಲಗಿರುತ್ತಾರೆ. ಬೆಳಿಗ್ಗೆ ಭಾವ ಬಂದು ಕಣ್ಣು ಮಿಟುಕಿಸುತ್ತಾನೆ. ಪಾಸಾ, ಫೇಲಾ? ಪರೀಕ್ಷೆ ಹಾಲ್‌ನಲ್ಲಿ ಯಾರಿಗಾದರೂ ಖುಷಿ ಸಿಗುತ್ತಾ?

ಹಾಸ್ಟೆಲ್‌ನಲ್ಲಿ ನನ್ನ ಜೊತೆಗಿದ್ದವನೊಬ್ಬ ಮದುವೆಯಾದ ಹೊಸದರಲ್ಲಿ ತನಗೆ 'ಟೈಮಿಂಗ್' ಇಲ್ಲ ಅಂತ ಕೊರಗಿ, ಜಾತ್ರೆಯ ಟೆಂಟಿನವನ ಹತ್ತಿರ ಮೂರು ಸಾವಿರ ಕೊಟ್ಟು ಪುಡಿ ತಂದಿದ್ದ. ಅರ್ಧ ಗಂಟೆ ಆಗಬೇಕು ಅಂತ ಅವನಿಗೆ ಯಾರು ಹೇಳಿದ್ದರೋ. ಐದು ದೇಶಗಳ 500 ದಂಪತಿಗಳಿಗೆ ಸ್ಟಾಪ್‌ವಾಚ್ ಕೊಟ್ಟು ಮಾಡಿದ ಒಂದು ಅಧ್ಯಯನ 2005ರಲ್ಲಿ ಬಂತು. ಹಾಲೆಂಡ್, ಬ್ರಿಟನ್, ಸ್ಪೇನ್, ಟರ್ಕಿ, ಅಮೆರಿಕ. ವಾಚ್ ಇದ್ದದ್ದು ಹೆಂಡತಿಯರ ಕೈಲಿ. (ಆ ಮನೆಗಳ ಪರಿಸ್ಥಿತಿ ನೆನೆಸಿಕೊಂಡರೆ ನನಗೆ ಈಗಲೂ ನಗು.) ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬಂದವನ ಸಮಯ 5.4 ನಿಮಿಷ. ಅಂದರೆ ಅರ್ಧ ಜನ ಅದಕ್ಕಿಂತ ಕಮ್ಮಿ. ಈ ಒಂದು ಅಂಕಿ ನಮ್ಮ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಬರೆದಿದ್ದರೆ ಎಷ್ಟೋ ಟೆಂಟುಗಳು ಎದ್ದುಹೋಗುತ್ತಿದ್ದವು.

ಬಿಳಿಯರು ಇದರಲ್ಲಿ ಹುಟ್ಟಾ ಜಾಣರು ಅಂತ ನಾನು ಹೇಳುತ್ತಿಲ್ಲ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಅಂತ ನಮ್ಮಲ್ಲಿ ಹೆದರಿಸುತ್ತಾರಲ್ಲ, ಸ್ವಿಟ್ಜರ್ಲೆಂಡಿನ ಟಿಸ್ಸೊ ಅನ್ನೋ ಡಾಕ್ಟರ್ 1760ರಲ್ಲಿ ಹೆಚ್ಚುಕಡಿಮೆ ಇದೇ ನಲವತ್ತರ ಲೆಕ್ಕ ಹೇಳಿ ಅರ್ಧ ಯುರೋಪನ್ನೇ ಹೆದರಿಸಿದ್ದ. ಇಲ್ಲಿನ ಗಂಡಸರೂ ಪಬ್‌ನಲ್ಲಿ ಜೋಕು ಹೊಡೆಯುತ್ತಾರೆ, ಡಾಕ್ಟರ ಮುಂದೆ ತೊದಲುತ್ತಾರೆ. ವ್ಯತ್ಯಾಸ ಇರೋದು ಏರ್ಪಾಟಿನಲ್ಲಿ. ಗಂಡಸು ಬಾಯಿ ಬಿಡಲಿ ಅಂತ ಕಾಯುವುದಿಲ್ಲ, ಅವರೇ ಕೇಳುತ್ತಾರೆ. ಕೇಳುವಾಗ ಬಾಗಿಲು ಹಾಕಿರುತ್ತದೆ.

ನರ್ಸಮ್ಮ ಡಾಕ್ಟರ ಹತ್ತಿರ ಕಳಿಸಿದರು. ಅವರು ಮೊದಲು ಕೇಳಿದ್ದು ಎದೆನೋವು ಬರುತ್ತಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ ಅಂತ. ನಾನು ಬಂದದ್ದೇ ಬೇರೆ ವಿಷಯಕ್ಕೆ ಅಂದೆ. ಎರಡೂ ಒಂದೇ ವಿಷಯ ಅಂದರು. ಶಿಶ್ನಕ್ಕೆ ಹೋಗುವ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಶುಗರ್, ಬಿಪಿ, ಸಿಗರೇಟಿನಿಂದ ನಾಳ ಕೆಡಲು ಶುರುವಾದರೆ ಸಣ್ಣದರಲ್ಲಿ ಮೊದಲು ಗೊತ್ತಾಗುತ್ತದೆ, ದೊಡ್ಡದರಲ್ಲಿ ಆಮೇಲೆ. ಕೆಲವರಿಗೆ ಹಾಸಿಗೆಯ ತೊಂದರೆ ಕಾಣಿಸಿಕೊಂಡ ಎರಡು ಮೂರು ವರ್ಷಕ್ಕೆ ಎದೆಯ ತೊಂದರೆ ಬರುತ್ತದಂತೆ. ನಮ್ಮ ಕಡೆ ಈ ಮುನ್ಸೂಚನೆಯನ್ನು ಟೆಂಟಿನವನಿಗೆ ಒಪ್ಪಿಸಿ ಬರುತ್ತೇವೆ.

ಮಾತ್ರೆ ಬರೆದುಕೊಟ್ಟರು, ಸಿಲ್ಡೆನಾಫಿಲ್. ವಯಾಗ್ರ ಅನ್ನೋದು ಅದರ ಬ್ರ್ಯಾಂಡ್ ಹೆಸರು. ಇಲ್ಲೇ ಕೆಂಟ್ ಕೌಂಟಿಯ ಸ್ಯಾಂಡ್‌ವಿಚ್ ಅನ್ನೋ ಊರಿನ ಲ್ಯಾಬಿನಲ್ಲಿ ಎದೆನೋವಿಗೆ ಅಂತ ಹುಡುಕಿದ ಔಷಧಿ, 1998ರಲ್ಲಿ ಬೇರೆಯದೇ ಕೆಲಸಕ್ಕೆ ಮಾರುಕಟ್ಟೆಗೆ ಬಂತು. 2018ರಿಂದ ಬ್ರಿಟನ್‌ನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಆದರೆ ಫಾರ್ಮಸಿಯವರು ಪಕ್ಕದ ಸಣ್ಣ ಕೋಣೆಗೆ ಕರೆದು ಹೃದಯ, ಬಿಪಿ, ಬೇರೆ ಮಾತ್ರೆ ಎಲ್ಲ ವಿಚಾರಿಸಿಯೇ ಕೊಡೋದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಭಾರತದಲ್ಲಿ ಇದಕ್ಕೆ ಚೀಟಿ ಕಡ್ಡಾಯ. ಆದರೂ ಊರಿಗೆ ಹೋದಾಗ ನಾನೇ ನೋಡಿದ್ದೇನೆ, ಮೆಡಿಕಲ್ ಶಾಪಿನ ಹುಡುಗ ಹಳೇ ಪೇಪರಲ್ಲಿ ಸುತ್ತಿ ಕೊಡುತ್ತಾನೆ. ಒಂದು ಮಾತೂ ಕೇಳುವುದಿಲ್ಲ. ಅದು ಮರ್ಯಾದೆ ಅಂದುಕೊಂಡಿದ್ದಾನೆ ಪಾಪ. 'ಬರೀ ಗಿಡಮೂಲಿಕೆ' ಅಂತ ಮಾರುವ ಪುಡಿಗಳಲ್ಲೂ ಇದೇ ಮಾತ್ರೆ ಅರೆದು ಬೆರೆಸಿರುವುದು ಎಷ್ಟೋ ಕಡೆ ಸಿಕ್ಕಿಬಿದ್ದಿದೆ.

ಮಾತ್ರೆ ಕೆಲಸ ಮಾಡಿತು. ಅದಕ್ಕೂ ಮುಂಚೆ ಒಂದು ಸಲ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಬಿಸಿಬೇಳೆ ಬಾತಿಗೆ ಎರಡು ಸೌಟು ತುಪ್ಪ ಸುರಿದುಕೊಂಡು ತಿಂದು ನುಂಗಿದ್ದೆ. ಜಿಡ್ಡಿನ ಊಟ ಆದರೆ ಅದು ತಡವಾಗಿ ಹತ್ತುತ್ತದೆ ಅಂತ ಪೊಟ್ಟಣದ ಒಳಗಿನ ಕಾಗದದಲ್ಲಿ ಬರೆದೇ ಇತ್ತು. ಇನ್ನೊಂದು, ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಆಸೆ ಹುಟ್ಟಿದರೆ ರಕ್ತಕ್ಕೆ ದಾರಿ ಬಿಡುತ್ತದೆ, ಅಷ್ಟೇ.

ಜೊತೆಗೆ ಫಿಸಿಯೊಥೆರಪಿಸ್ಟ್ ಒಂದು ವ್ಯಾಯಾಮ ಹೇಳಿಕೊಟ್ಟರು. ಉಚ್ಚೆ ನಡುವೆ ತಡೆದ ಹಾಗೆ, ನಾಲ್ಕು ಜನರ ಮುಂದೆ ಗಾಳಿ ಹೋಗದಂತೆ ಬಿಗಿಹಿಡಿದ ಹಾಗೆ, ಒಳಗಿನ ಸ್ನಾಯು ಎಳೆದು ಬಿಡೋದು. ಬ್ರಿಸ್ಟಲ್‌ನಲ್ಲಿ 55 ಗಂಡಸರಿಗೆ ಇದನ್ನು ಮಾಡಿಸಿ ನೋಡಿದ್ದಾರೆ. ಆರು ತಿಂಗಳಲ್ಲಿ ನೂರಕ್ಕೆ 40 ಜನ ಪೂರ್ತಿ ಸರಿಹೋದರು, ಇನ್ನೂ 35ರಷ್ಟು ಜನ ಸುಧಾರಿಸಿದರು ಅಂತ ವರದಿ. ನನಗೆ ಆಶ್ಚರ್ಯ ಆದದ್ದು ಬೇರೆ. ದಾವಣಗೆರೆಯ ಯೋಗದ ಮೇಷ್ಟ್ರು ಮೂಲಬಂಧ ಅಂತ ಇದನ್ನೇ ಅಲ್ವಾ ಹೇಳಿಕೊಟ್ಟಿದ್ದು? ಯಾಕೆ ಅಂತ ಕೇಳಿದ್ದಕ್ಕೆ "ಕುಂಡಲಿನಿ ಏಳುತ್ತೆ" ಅಂದಿದ್ದರು.

ಇಷ್ಟೆಲ್ಲ ಆದರೂ ನನ್ನ ತಲೆಯೊಳಗಿನ ಪರೀಕ್ಷೆ ನಿಂತಿರಲಿಲ್ಲ. ಮಾತ್ರೆ ನುಂಗಿ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಇಬ್ಬರೂ ಸೆಕ್ಸ್ ಥೆರಪಿಸ್ಟ್ ಹತ್ತಿರ ಹೋದೆವು. ಅದಕ್ಕೆ ಏಳು ತಿಂಗಳು ಕಾಯಿಸಿದರು, ಇಲ್ಲಿನ ಸರ್ಕಾರಿ ಸರದಿ ಅಷ್ಟು ಉದ್ದ. ಆಯಮ್ಮ ಹೇಳಿದ್ದು ಕೇಳಿ ನಾನು ದುಡ್ಡು ವಾಪಸ್ ಕೇಳೋಣ ಅಂತಿದ್ದೆ, ದುಡ್ಡು ಕೊಟ್ಟಿದ್ದರೆ. ಆರು ವಾರ ಕೂಡುವ ಹಾಗೇ ಇಲ್ಲ. ವಾರಕ್ಕೆರಡು ದಿನ, ಒಂದೊಂದು ಗಂಟೆ, ಒಬ್ಬರನ್ನೊಬ್ಬರು ಮುಟ್ಟಬೇಕು. ಬೆನ್ನು, ಕೈ, ತಲೆಕೂದಲು. ಮೊದಮೊದಲು ಎದೆ, ಗುಪ್ತಾಂಗ ಬಿಟ್ಟು. ಎಲ್ಲಿ ಹಿತ ಅನ್ನಿಸಿತು ಅಂತ ಬಾಯಿಬಿಟ್ಟು ಹೇಳಬೇಕು. ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ 1970ರ ಸುಮಾರಿಗೆ ಹೊರಟ ದಾರಿ ಇದು.

ಕಾರಿನಲ್ಲಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಅಲ್ರೀ, ಈ ವಯಸ್ಸಿಗೆ ನಮಗೆ ಆಷಾಢ ಹಾಕಿದರಲ್ರೀ!"

ಎಷ್ಟು ಸರಿಯಾಗಿ ಹೇಳಿದಳು. ಮದುವೆಯಾದ ವರ್ಷ ಆಷಾಢಕ್ಕೆ ಅವಳು ತವರಿಗೆ ಹೋಗಿದ್ದಳು. ಅತ್ತೆ ಅಳಿಯ ಒಂದು ಬಾಗಿಲು ದಾಟಬಾರದು ಅನ್ನೋ ಕಾರಣವೆಲ್ಲ ಇರಲಿ ಬಿಡಿ. ನನಗೆ ನೆನಪಿರೋದು ಶ್ರಾವಣದ ಮೊದಲ ದಿನ ಬಸ್ಸಿನಿಂದ ಇಳಿದವಳ ಕೈ ಹಿಡಿದದ್ದು. ಬ್ಯಾಗ್ ಇಸಿದುಕೊಳ್ಳುವ ನೆಪದಲ್ಲಿ ಮುಟ್ಟಿದ ಆ ನಾಲ್ಕು ಬೆರಳು ಇನ್ನೂ ನೆನಪಿದೆ. ಆಮೇಲೆ ಮಕ್ಕಳಾದವು, ಹತ್ತು ವರ್ಷದವರೆಗೂ ನಮ್ಮಿಬ್ಬರ ನಡುವೆಯೇ ಮಲಗಿದವು. ಇಲ್ಲಿಯವರು ಆರು ತಿಂಗಳ ಕೂಸನ್ನು ಬೇರೆ ಕೋಣೆಯಲ್ಲಿ ಮಲಗಿಸೋದು ನೋಡಿ ಕಟುಕರು ಅಂದುಕೊಂಡಿದ್ದೆ. ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಅವರ ಮನೆಯಲ್ಲಿ ಗಂಡ ಹೆಂಡತಿಗೆ ಚಿಲಕ ಇರೋ ಒಂದು ಬಾಗಿಲಿದೆ, ಅದನ್ನು ಹಾಕಿದರೆ ಯಾರೂ ಕೆಮ್ಮುವುದಿಲ್ಲ.

ಮೂರನೇ ವಾರವೋ ನಾಲ್ಕನೇ ವಾರವೋ, ಕಿವಿಯ ಹಿಂದೆ ಮುಟ್ಟಿದರೆ ನನಗೆ ಇಷ್ಟ ಅಂತ ನನಗೇ ಮೊದಲ ಸಲ ಗೊತ್ತಾಯಿತು. ಐವತ್ತರ ಹತ್ತಿರದಲ್ಲಿ! ಅದೇ ರಾತ್ರಿ ಅವಳೂ ಒಂದು ಮಾತು ಹೇಳಿದಳು. ಎರಡು ವರ್ಷದಿಂದ ಅವಳಿಗೆ ನೋಯುತ್ತಿತ್ತು. ಮುಟ್ಟು ನಿಲ್ಲುವ ಕಾಲ, ಒಳಗೆ ಒಣಗಿದ ಹಾಗೆ, ಉರಿ. ಹಲ್ಲು ಕಚ್ಚಿ ಸುಮ್ಮನಿದ್ದಳು. ಅವಳಿಗೆ ಆಸಕ್ತಿ ಇಲ್ಲ ಅಂತ ನಾನು, ಇವರಿಗೆ ನಾನು ಬೇಡವಾದೆ ಅಂತ ಅವಳು. ನನ್ನದು ಅರ್ಧಕ್ಕೇ ಸೋಲುತ್ತಿದ್ದದ್ದಕ್ಕೆ ಅವಳ ಮುಖದ ಆ ಬಿಗಿತವೂ ಕಾರಣ ಇರಬಹುದು, ಕತ್ತಲಲ್ಲೂ ಅದು ತಿಳಿಯುತ್ತಿತ್ತು. ಅದಕ್ಕೆ ಇರುವ ಔಷಧಿ ಎಷ್ಟು ಸಣ್ಣದು ಗೊತ್ತಾ? ಹಾರ್ಮೋನಿನ ಪುಟ್ಟ ಗುಳಿಗೆ, ಒಳಗೆ ಇಟ್ಟುಕೊಳ್ಳೋದು. ಆಗಿನ ಮಟ್ಟಿಗೆ ಜಾರುವ ಜೆಲ್ಲು. ಗೋಡೆ ಮೇಲಿನ ಯಾವ ಜಾಹೀರಾತೂ ಇದನ್ನು ಹೇಳಲ್ಲ. ಗಂಡಸಿಗೆ ಮಾರುವ ಎಲ್ಲ ಲೇಹ್ಯಕ್ಕಿಂತ ನನಗೆ ಜಾಸ್ತಿ ಸುಖ ಕೊಟ್ಟದ್ದು ಅವಳ ನೋವು ಹೋದದ್ದು.

ಇದನ್ನೆಲ್ಲ ಫೋನಿನಲ್ಲಿ ತಮ್ಮನಿಗೆ ಹೇಳಿದೆ. ಅವನಿಗೂ ಶುಗರ್, ಅದೇ ಡಾಕ್ಟರು. "ಅದೆಲ್ಲ ಯಾಕೆ ಬಿಡಣ್ಣ" ಅಂದ. ಮಾತು ಕ್ರಿಕೆಟ್‌ಗೆ ತಿರುಗಿಸಿದ. ಎರಡು ತಿಂಗಳು ಬಿಟ್ಟು ಅವನೇ ಫೋನ್ ಮಾಡಿದ. ದನಿ ಸಣ್ಣದಾಗಿತ್ತು, ಮಹಡಿ ಮೇಲೆ ಹೋಗಿ ಮಾತಾಡುತ್ತಿದ್ದ ಅಂತ ಕಾಣುತ್ತದೆ. "ಕೇಳೋಣ ಅಂತ ಹೋದೆ ಅಣ್ಣ. ಸ್ಟೂಲ್ ಮೇಲೆ ನಮ್ಮ ಬೀದಿಯವನೇ ಕೂತಿದ್ದ. ಬಾಯಿ ಬರಲಿಲ್ಲ. ಶುಗರ್ ರಿಪೋರ್ಟ್ ಹಿಂದೆ ಪೆನ್ನಿನಲ್ಲಿ ಒಂದು ಸಾಲು ಬರೆದು ಕೊಟ್ಟೆ."

"ಏನಂದರು?"

"ಓದಿದರು. ಕನ್ನಡಕ ತೆಗೆದರು. ಸ್ಟೂಲ್‌ನವನಿಗೆ ಸ್ವಲ್ಪ ಹೊರಗಿರಪ್ಪ ಅಂದು, ತಾವೇ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಆ ಬಾಗಿಲಿಗೆ ಚಿಲಕ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ಅಣ್ಣ."